ಕುವಲಯೆ ತನ್ನ ಹೆಸರು ಹೇಳಿದ್ದು

ನಮ್ಮ ಅಜ್ಜಿಯ ಅಜ್ಜಿಗೂ ನೆನಪಿಲ್ಲದ ಕಾಲದಲ್ಲಿ ಹಂಸಗಿರಿ ಎಂಬ ರಾಜ್ಯವಿತ್ತು. ಅದರ ಹೆಬ್ಬಾಗಿಲನ್ನು ಸಿಂಹದ ಮೈಗೆ ರೆಕ್ಕೆ ಮೂಡಿದ, ಮಾತಾಡುವ ಶರಭವೊಂದು ಕಾಯುತ್ತಿತ್ತು. ಏಳು ವರ್ಷ ತುಂಬಿದ ಮಗು ಅದರೆದುರು ನಿಂತು ತನ್ನ ಹೆಸರನ್ನು ತಾನೇ ಹೇಳಬೇಕು, ಇದು ಅಲ್ಲಿನ ಪದ್ಧತಿ. ಹೇಳದ ಮಗುವಿನ ದನಿಯನ್ನು ಕಾಡಿನ ಮಾಂತ್ರಿಕ ಘೋರಕೇತು ಕದ್ದೊಯ್ಯುತ್ತಿದ್ದ.

ದೊರೆ ಧವಳಕೀರ್ತಿಗೆ ಒಬ್ಬಳೇ ಮಗಳು, ಕುವಲಯೆ. ಅಜ್ಜಿಯ ಜೊತೆ ಅವಳು ಅರಳು ಹುರಿದಂತೆ ಮಾತಾಡುವಳು. ಹೊಸಬರು ಹೊಸ್ತಿಲು ದಾಟಿ ಬಂದರೆ ಸಾಕು, ಮಾತು ಹೊರಡದೆ ಅಜ್ಜಿಯ ಸೆರಗಿನ ಹಿಂದೆ ಸರಿದು ನಿಂತುಬಿಡುವಳು. ಹಟವಲ್ಲ, ಭಯ. ದೊರೆಯೋ ಕೂತಲ್ಲಿ ಕೂರಲಾರದ ಮನುಷ್ಯ. ಯಾರಾದರೂ ಮಗಳನ್ನು ಮಾತಾಡಿಸಿದರೆ ಅವಳು ಉಸಿರೆಳೆಯುವ ಮುಂಚೆ ತಾನೇ ಉತ್ತರ ಕೊಡುತ್ತಿದ್ದ. ಪಾಪ, ಪ್ರೀತಿಯೇ. ಆದರೆ ಅವಳ ಬದಲು ಅವನಾಡಿದ ಒಂದೊಂದು ಮಾತಿಗೂ ಆ ಮಾಂತ್ರಿಕ ಒಂದೊಂದು ಗೇಣು ಬೆಳೆಯುತ್ತಿದ್ದ.

ಏಳನೆಯ ಹುಟ್ಟುಹಬ್ಬ ಹತ್ತಿರ ಬಂತು. ದೊರೆಗೆ ಊಟ ಸೇರದು, ನಿದ್ದೆ ಹತ್ತದು. ಮಗಳನ್ನು ಗದರಿಸಿದ, ಮುತ್ತಿನ ಸರದ ಆಸೆ ತೋರಿಸಿದ. ಅವಳು ಇನ್ನಷ್ಟು ಮುದುಡಿದಳು. ದೂರದ್ದನ್ನು ತೋರಿಸುವ ಅರಮನೆಯ ಮಾಯಾಕೊಳದ ನೀರಿನಲ್ಲಿ ಮಾಂತ್ರಿಕ ಬೆಳೆಯುವುದನ್ನು ಕಂಡಿದ್ದ ಅಜ್ಜಿ ಮಗನನ್ನು ಕರೆದು ಕೂರಿಸಿದಳು.

“ಮಗುವನ್ನು ದೂಡಬೇಡಪ್ಪ. ಅವಳ ಬದಲು ಮಾತಾಡಲೂಬೇಡ. ಜೊತೆಗಿದ್ದು ಕಾಯಿ.”

“ಸುಮ್ಮನಿರುವುದು ನನ್ನ ಕೈಲಾಗದಮ್ಮ.”

“ಅವಳಿಗೆ ಮಾತಾಡುವುದೂ ಅಷ್ಟೇ ಕಷ್ಟ.”

ಅಜ್ಜಿ ಹೇಳಿದಂತೆ, ಅಭ್ಯಾಸಕ್ಕೆಂದು ಮೊದಲು ಆ ಕೊಳದಲ್ಲಿದ್ದ ಬೆಳ್ಳಿ ಆಮೆ ಅವಳ ಹೆಸರು ಕೇಳಿತು. ದೊರೆ ದಡದ ಮೇಲೆ ಶತಪಥ ತುಳಿದ. ಕುವಲಯೆ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು, ಆಮೆಗೂ ಅದು ಕೇಳಿಸಿತು. ಇವತ್ತಿಗೆ ಇಷ್ಟು ಸಾಕು ಎಂದಳು ಅಜ್ಜಿ.

ಆಮೇಲೆ ತೋಟದ ನೀಲಿ ಗಿಣಿ ಕೇಳಿತು. ಅಜ್ಜಿ ನಾಲ್ಕು ಹೆಜ್ಜೆ ದೂರ ನಿಂತಳು. ಬಹಳ ಹೊತ್ತಾದ ಮೇಲೆ ಕುವಲಯೆ “ಕು” ಎಂದಳು. ದೊರೆಗೆ ತಡೆಯಲಾಗಲಿಲ್ಲ, ಉಳಿದದ್ದನ್ನು ತಾನೇ ಹೇಳಿಬಿಟ್ಟ. ಮಾಂತ್ರಿಕ ಕೋಟೆಗಿಂತ ಎತ್ತರಕ್ಕೆ ಬೆಳೆದ. ಮಗು ಆಮೆಯ ಮುಂದೆಯೂ ಬಾಯಿ ಬಿಡದಾಯಿತು. ದೊರೆ ಮಗಳ ಮುಂದೆ ಕೂತು ತಪ್ಪಾಯಿತು ಎಂದ. ಮತ್ತೆ ಕೊಳದ ದಡದಿಂದಲೇ ಶುರುಮಾಡಿದರು. ನಿಧಾನವಾಗಿ ಪಿಸುಮಾತು ಮರಳಿತು, ಗಿಣಿಗೂ ಪೂರ್ತಿ ಹೆಸರು ಸಿಕ್ಕಿತು.

ಕೊನೆಗೆ ಹುಟ್ಟುಹಬ್ಬದ ದಿನ ಹೆಬ್ಬಾಗಿಲಲ್ಲಿ ಶರಭ ಕೇಳಿತು. ಕುವಲಯೆಯ ತುಟಿ ಬಿಳಿಚಿಕೊಂಡಿತು. ಕೋಟೆಯ ಮೇಲಿಂದ ಘೋರಕೇತು ಬಗ್ಗಿ, “ನೀನೇ ಹೇಳಿಬಿಡು ದೊರೆಯೇ. ಮಗು ಒದ್ದಾಡುವುದನ್ನು ನೋಡಲಾದೀತೇ?” ಎಂದ.

ದೊರೆ ಮಗಳ ಪಕ್ಕದಲ್ಲಿ ಮಂಡಿಯೂರಿ ಕೂತ. ಕಣ್ಣಿಂದ ನೀರು ಸುರಿಯಿತು, ಗಡ್ಡ ನಡುಗಿತು. ಆದರೂ ಬಾಯಿ ತೆರೆಯಲಿಲ್ಲ. ಶರಭಕ್ಕೂ ಅವಸರವಿರಲಿಲ್ಲ. ನೆರಳು ಗೋಡೆಯಿಂದ ಗೋಡೆಗೆ ಸರಿಯಿತು.

“ಕುವಲಯೆ,” ಎಂದಿತು ಮಗು.

ಮಾಂತ್ರಿಕ ಕುಗ್ಗಿ ಕುಗ್ಗಿ ಜೀರುಂಡೆಯಾಗಿ ಹಾರಿಹೋದ. ಅವನು ಕದ್ದ ದನಿಗಳೆಲ್ಲ ಅವರವರ ಮನೆ ಸೇರಿದವು. ಹಂಸಗಿರಿಯ ಮಕ್ಕಳು, ದೊಡ್ಡವರು ಎಲ್ಲರೂ ಸುಖವಾಗಿದ್ದರು.

ಕುವಲಯೆಯೇನೂ ರಾತ್ರಿ ಬೆಳಗಾಗುವುದರಲ್ಲಿ ವಾಚಾಳಿಯಾಗಲಿಲ್ಲ. ಆಸ್ಥಾನದಲ್ಲಿ ಯಾರಾದರೂ ಅವಳನ್ನು ಕೇಳಿದರೆ ಎಲ್ಲರೂ ಕಾಯುತ್ತಿದ್ದರು. ಒಂದೊಂದು ದಿನ ಉತ್ತರ ಬರುತ್ತಿತ್ತು, ಒಂದೊಂದು ದಿನ ಇಲ್ಲ. ಉತ್ತರ ಬಂದ ದಿನವೂ ಬಾರದ ದಿನವೂ ದೊರೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡುತ್ತಿದ್ದ.