ಎರಡನೇ ಸೀಟಿನ ಹೆಸರು

ನಂದಾಗೆ ರೈಲು ಟಿಕೆಟ್ ತೋರಿಸುವಾಗ ಮಲ್ಲಿನಾಥ ಫೋನಿನ ಮೇಲೆ ಹೆಬ್ಬೆರಳನ್ನು ಒಂದೇ ಕಡೆ ಒತ್ತಿಟ್ಟಿದ್ದ. ಅವಳು ಗಮನಿಸಿದ್ದು ಅದನ್ನೇ.

ಅವರ ಲಗ್ನಕ್ಕೆ ಮೂರು ವಾರವಿತ್ತು. ರಬಕವಿಯ ಕಬ್ಬಿನ ಹಾಲಿನ ಅಂಗಡಿಯಲ್ಲಿ ಇಬ್ಬರೂ ಕೂತಿದ್ದರು.

“ಲಗ್ನ ಆದಮ್ಯಾಲೆ ಮುಂಬೈದಾಗ ಚಿಗವ್ವನ ಮನಿಗಿ ಹೋಗೋದು. ಒಂದಿನ ಮುಂಜಾನೆ ಆರಕ್ಕ ವಂದೇ ಭಾರತ್ ಹತ್ತಿದ್ರ ಒಂಬತ್ತಕ್ಕ ಸೂರತ್. ಸಂಜಿಗಿ ಹೊಳ್ಳಿ ಅದರಾಗ ಬರೋದು.”

“ಸೂರತ್ತಿನ್ಯಾಗ ಏನೈತ್ರಿ?”

“ಹೊಸ ಮಗ್ಗ ನೋಡೋಣು.”

“ಬನಹಟ್ಟ್ಯಾಗ ಮಗ್ಗದ ಸಪ್ಪಳ ಕೇಳಿ ಕೇಳಿ ಕಿವಿ ಹೋಗ್ಯಾವ. ಅಲ್ಲೂ ಅದನ್ನ ತೋರಸ್ತೀರಿ?”

“ಸಮುದ್ರಾನೂ ಐತಿ.”

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಬೀಳುವ ಕುಳಿ ಅವಳಿಗೆ ಇಷ್ಟ. ಆದರೂ ಅವಳ ಕಣ್ಣು ಹೆಬ್ಬೆರಳಿನ ಮೇಲೇ ಇತ್ತು.

“ಬೆರಳು ತಗೀರಿ.”

“ಯಾಕ?”

ಅವಳೇ ಆ ಬೆರಳು ಹಿಡಿದು ಎತ್ತಿದಳು. ಮೊದಲ ಸೀಟು ಮಲ್ಲಿನಾಥ. ಎರಡನೆಯದು ರಾಜಶ್ರೀ, ಹೆಣ್ಣು, ಇಪ್ಪತ್ನಾಲ್ಕು.

“ಯಾರಿಕಿ?”

“ಹೇಳೂಹಂಗಿಲ್ಲ. ಅವ್ವ ಬ್ಯಾಡ ಅಂದಾಳ.”

“ನಿಮ್ಮವ್ವಗೂ ಗೊತ್ತೈತಿ!” ಅವಳು ಎದ್ದು ಬ್ಯಾಗ್ ಹೆಗಲಿಗೇರಿಸಿದಳು.

“ನಂದಾ, ಕುಂದರ. ಅದು ನೀನ. ಲಗ್ನದಾಗ ಅಕ್ಕಿ ಮ್ಯಾಲೆ ಬರಿಯೋ ಹೆಸರು. ಅಲ್ಲಿತನಕ ಹೇಳಬಾರದಂತ.”

ಲಗ್ನದ ದಿನ ಮದುಮಗ ತಟ್ಟೆಯ ಅಕ್ಕಿಯ ಮೇಲೆ ಬರೆದು ಸೊಸೆಗೆ ಹೊಸ ಹೆಸರಿಡುವುದು ಮಲ್ಲಿನಾಥನ ಮನೆಯ ಪದ್ಧತಿ. ಅವನ ಅವ್ವನೂ ತವರಿನಲ್ಲಿ ಮರೆವ್ವ, ಇಲ್ಲಿ ಗುರುಬಾಯಿ.

ನಂದಾ ಕೂತಳು. ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು.

“ಬ್ಯಾರೆ ಹುಡಿಗಿ ಆಗಿದ್ರ ಛಲೋ ಇತ್ರಿ. ಜಗಳಾ ತಗದು ಓಡಸ್ತಿದ್ನಿ. ಈಕಿನ್ನ ಎಲ್ಲಿಗಿ ಓಡಸ್ಲಿ?”

“ಬರೇ ಹೆಸರು ಅಲ್ಲೇನ?”

“ಬರೇ ಹೆಸರಾದ್ರ ನೀವ ಬದಲಿ ಮಾಡ್ಕೋರಿ. ನನ್ನ ಆಧಾರ್‌ನ್ಯಾಗ ನಂದಾ ಐತಿ. ಟಿಸಿ ನನ್ನ ಇಳಸ್ತಾನ. ನೀವು ರಾಜಶ್ರೀ ಜೋಡಿ ಸಮುದ್ರ ನೋಡಿ ಬರ್ರಿ. ನಾ ಬನಹಟ್ಟಿಗೆ ಹೊಳ್ಳಿ ಹೋಗ್ತೀನಿ.”

ಅವಳು ನಗುತ್ತಿರಲಿಲ್ಲ. ಮಲ್ಲಿನಾಥ ಅವಳ ಮುಖವನ್ನೇ ನೋಡಿದ. ನಂತರ ಮನೆಗೆ ಫೋನ್ ಹಚ್ಚಿದ.

“ಅವ್ವಾ, ಅಕ್ಕಿ ಮ್ಯಾಲೆ ನಂದಾ ಅಂತನ ಬರೀತೀನಿ.”

ಆ ಕಡೆ ದನಿ ಏರಿತು. ಅವನು ಫೋನನ್ನು ಕಿವಿಯಿಂದ ದೂರ ಹಿಡಿದ, ಆದರೆ ಇಡಲಿಲ್ಲ.

“ಬೈ ಬೇ, ಬೈ. ನಾ ನೋಡಿ ಒಪ್ಪಿದ್ದು ನಂದಾನ್ನ. ಈ ರಾಜಶ್ರೀ ಯಾರಂತ ನನಗೂ ಗೊತ್ತಿಲ್ಲ.”

ನಂದಾ ಗ್ಲಾಸಿನತ್ತ ಮುಖ ತಿರುಗಿಸಿದಳು. ಕಿವಿ ಬಿಸಿಯಾಗಿತ್ತು.

ಅವನು ಟಿಕೆಟ್ ರದ್ದು ಮಾಡಿ ಹೊಸದು ಬುಕ್ ಮಾಡತೊಡಗಿದ. ಹೆಬ್ಬೆರಳು ಈಗ ಫೋನಿನ ಅಂಚಿನಲ್ಲಿತ್ತು. ಅಷ್ಟಕ್ಕೇ ನಂಬದೆ ಅವಳು ಬಗ್ಗಿ ಒಂದೊಂದೇ ಅಕ್ಷರ ಓದಿದಳು. ಅವಳ ಭುಜ ಅವನ ತೋಳಿಗೆ ತಾಗಿ ಅಲ್ಲೇ ಉಳಿಯಿತು.

“ಈ ಇಪ್ಪತ್ನಾಲ್ಕು ಆಕೀದು,” ಅಂದಳು. “ನನಗಿನ್ನೂ ಇಪ್ಪತ್ಮೂರು.”