ಅಮ್ಮನ ನಾಡಿ ಹಿಡಿದವಳು

ಬಿಷ್ಕೆಕ್‌ನ ದೊಡ್ಡದೊಂದು ಬೋಧನಾ ಆಸ್ಪತ್ರೆಯಲ್ಲಿ ಅಮ್ಮನಿಗೆ ಹೃದಯದ ಆಪರೇಷನ್ ಆದ ಮರುದಿನ ನಾನು ಕಣ್ಣಾರೆ ಕಂಡದ್ದು ಇದು.

ಬೆಳಗ್ಗೆ ಪ್ರೊಫೆಸರ್ ಜೊತೆ ಬಂದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅಮ್ಮನ ನಾಡಿ ನೋಡಿದರು. "ನಾನೇನು ಸಂತೇಲಿ ನಿಲ್ಲಿಸಿದ ಕುರಿಯಾ, ಎಲ್ರೂ ಮುಟ್ಟಿ ನೋಡೋಕೆ?" ಎಂದು ಅಮ್ಮ ಗೊಣಗಿದಾಗ ಎಲ್ಲರೂ ನಕ್ಕರು.

ಅವರು ಹೋದ ಮೇಲೆ ನಾನು ಚಹಾದ ಬಟ್ಟಲು ಹಿಡಿದು ಕಿಟಕಿಯ ಬಳಿ ನಿಂತೆ. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದಿತ್ತು.

"ಜಿಪಾರ್, ಈ ಹುಡುಗಿಗೆ ಸಾಕು ಅಂತ ಹೇಳೇ. ಇವಳ ಕೈ ಮಂಜುಗಡ್ಡೆ ಇದ್ದ ಹಾಗಿದೆ," ಎಂದು ಅಮ್ಮ ನನ್ನನ್ನು ಕರೆದಳು.

ತಿರುಗಿ ನೋಡಿದೆ. ಮಂಚದ ಬಳಿ ಯಾರೂ ಇರಲಿಲ್ಲ. ಚಮಚ ಎತ್ತಲೂ ತ್ರಾಣವಿಲ್ಲದ ಅಮ್ಮನ ಬಲಗೈ ಹಾಸಿಗೆಯಿಂದ ಗೇಣೆತ್ತರ ಮೇಲಕ್ಕೆ ನಿಂತಿತ್ತು. ಯಾರೋ ಮಣಿಕಟ್ಟು ಹಿಡಿದಂತೆ ಬೆರಳುಗಳು ಸಡಿಲವಾಗಿ ಜೋತುಬಿದ್ದಿದ್ದವು. ಮಾನಿಟರಿನ ಸದ್ದು ನಿಧಾನವಾಗುತ್ತಾ ಬಂತು. ಅಮ್ಮನ ತುಟಿ ನೀಲಿಗಟ್ಟಿತು. ನಾನು ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಅಷ್ಟರಲ್ಲಿ ನರ್ಸ್ ಬೂರುಲ್ ಅಕ್ಕ ಬಾಗಿಲು ತೆರೆದು ಗದರಿದರು: "ಕೈ ಬಿಡಮ್ಮಾ, ಅವರನ್ನ ಸ್ವಲ್ಪ ಮಲಗೋಕೆ ಬಿಡು!"

ಕೈ ಧೊಪ್ಪೆಂದು ಹಾಸಿಗೆಗೆ ಬಿತ್ತು. ಮಾನಿಟರಿನ ಸದ್ದು ಮೊದಲಿನಂತಾಯಿತು.

"ಯಾರಿಗೆ ಹೇಳಿದ್ರಿ ಅಕ್ಕಾ?" ಎಂದೆ.

ಕಿಟಕಿಯ ಕಡೆಯಿಂದ ನನ್ನ ದನಿ ಕೇಳಿ ಅವರು ಬೆಚ್ಚಿದರು. ನನ್ನನ್ನೂ ಮಂಚದ ಪಕ್ಕದ ಖಾಲಿ ಜಾಗವನ್ನೂ ಮತ್ತೆ ಮತ್ತೆ ನೋಡಿದರು.

"ನಿನಗೇ ಕಣೇ. ಈಗ ತಾನೇ ಕೈ ಹಿಡ್ಕೊಂಡು ಕೂತಿದ್ದೆಯಲ್ಲ!"

ಅಮ್ಮ ಗುಣವಾಗಿ ಮನೆಗೆ ಬಂದಳು. ಆ ಹುಡುಗಿ ನೋಡಲು ಹೇಗಿದ್ದಳು ಎಂದು ಕೇಳಿದಾಗಲೆಲ್ಲ ನನ್ನ ಮುಖವನ್ನೇ ದಿಟ್ಟಿಸುತ್ತಾಳೆ, ಆಮೇಲೆ ನನ್ನ ಕೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುತ್ತಾಳೆ.