ದೊರೆ ಕೊಟ್ಟ ಎರಡು ವೀಳ್ಯ

"ಅಲ್ಲೇ ನಿಂದರ್ರಿ!"

ದೊರೆಮನೆಯ ಹೊಸ್ತಿಲಿಗೆ ಅಡ್ಡ ನಿಂತು ಸುವರ್ಣ ಗುಡುಗಿದಳು. ಬಳ್ಳಾರಿ ಬಸ್ಸಿಳಿದು ಬಂದ ಕಾಲಿನ ಧೂಳು ಇನ್ನೂ ಹಾಗೇ ಇತ್ತು. ಕೈಯಲ್ಲಿ ಹಾಸ್ಟೆಲಿನ ಟ್ರಂಕು, ಕಣ್ಣಲ್ಲಿ ಕೆಂಡ!

ಒಳಗಿನಿಂದ ಹೊರಟಿದ್ದ ಯುವಕ ಬೆಚ್ಚಿ ನಿಂತ. ಯಾರೋ ಗುರುತಿಲ್ಲದವನು. ಅವನ ಎರಡೂ ಕೈಯಲ್ಲಿ ಹಸಿರು ರೇಷ್ಮೆ ಮುಚ್ಚಿದ ಬೆಳ್ಳಿ ತಾಟು.

"ಏನದು ಕೈಯಾಗ?"

"ಎಲಿ ಅಡಿಕಿ ರೀ... ದೊರೆಗಳು ಕೊಟ್ರು."

"ಕೊಟ್ರ ತಗೊಂಡು ಹೊಂಟುಬಿಡೋದಾ?"

"ಹಿರೇರು ಪ್ರೀತಿಯಿಂದ ಕೊಟ್ಟದ್ದು. ಹೆಂಗ ಬ್ಯಾಡ ಅನ್ಲಿ? ನಿಮಗ ತಾಟಿನ ಚಿಂತಿ ಇದ್ರ ಬ್ಯಾಡ್ರಿ, ತಾಟು ತಂದು ಕೊಡ್ತೀನಿ."

ತಾಟು ತಂದು ಕೊಡ್ತಾನಂತೆ!

ಸುವರ್ಣ ಸಿಟ್ಟಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅವನು ತಲೆ ಬಾಗಿಸಿ, ಪಕ್ಕದಿಂದ ನುಸುಳಿ, ಹೊರಗೆ ನಿಂತಿದ್ದ ಸರ್ಕಾರಿ ಜೀಪು ಹತ್ತಿಬಿಟ್ಟ.

ಪಾಪ, ಆ ಪಂಪಾಪತಿಗೆ ಏನು ಗೊತ್ತು! ಅವನು ಬಳ್ಳಾರಿ ಬ್ರೂಸ್‌ಪೇಟೆಯ ಸಾಲಿ ಮಾಸ್ತರರ ಮಗ, ಕಾಲುವೆ ಇಂಜಿನಿಯರು. ಮನೆಗೆ ಬಂದವರಿಗೆ ಎಲೆ ಅಡಿಕೆ ಕೊಡುವುದು ಎಲ್ಲ ಕಡೆ ಇರುವ ಪದ್ಧತಿಯೇ. ಆದರೆ ಈ ಮನೆಯಲ್ಲಿ ವೀಳ್ಯ ಬೆಳ್ಳಿ ತಾಟಿನಲ್ಲಿ ಹಸಿರು ರೇಷ್ಮೆ ಹೊದ್ದು ಹೊಸ್ತಿಲು ದಾಟಿತೆಂದರೆ ಅರ್ಥ ಒಂದೇ. ಮನೆಯ ಮಗಳನ್ನು ಕೊಟ್ಟಂತೆ! ಹಾಗೆ ಕೊಟ್ಟ ವೀಳ್ಯವನ್ನು ಆ ಮನೆ ಒಮ್ಮೆಯೂ ಹಿಂದಕ್ಕೆ ಪಡೆದದ್ದಿಲ್ಲ.

ಮತ್ತು ದೊರೆಮನೆಗೆ ಇದ್ದವಳು ಒಬ್ಬಳೇ ಮಗಳು, ಬಳ್ಳಾರಿಯಲ್ಲಿ ಬಿ.ಎ. ಓದುತ್ತ ರಜೆಗೆ ಬಂದ ಈ ಸುವರ್ಣ.

ಅದು ಎಪ್ಪತ್ತೊಂದನೇ ಇಸವಿ. ದೊರೆಗಿರಿ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಕುರುಗೋಡು ಸೀಮೆಯವರು ಹಾಲಸಿದ್ದಪ್ಪನವರನ್ನು ದೊರೆ ಅಂತಲೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಬಾಯಲ್ಲಿ 'ಬೇಡ' ಎಂಬ ಮಾತೊಂದು ಹುಟ್ಟಲೇ ಇಲ್ಲ! ಜಗಳ ತಂದ ಇಬ್ಬರಿಗೂ 'ಆಗ್ಲಿ' ಅಂದು ಕಳಿಸುವವರು. ಹೆಂಡತಿ ತೀರಿಕೊಂಡ ಮೇಲೆ ಮನೆ, ಹೊಲ, ಬೀಗದ ಕೈ ಎಲ್ಲ ಹೆಂಡತಿಯ ತಮ್ಮ ವಿರೂಪಾಕ್ಷಪ್ಪನ ಸುಪರ್ದಿಗೆ ಹೋಗಿತ್ತು. ಊರಿನವರು ಅವನನ್ನು ಎದುರಿಗೆ 'ದಿವಾನರು' ಅನ್ನುತ್ತಿದ್ದರು. ಹಿಂದೆ ಏನನ್ನುತ್ತಿದ್ದರು ಅನ್ನುವುದು ಬೇಡ ಬಿಡಿ.

"ಅಪ್ಪಾ, ಏನು ಮಾಡಿದಿ ನೀನು?"

ಹಾಲಸಿದ್ದಪ್ಪನವರು ಮಗಳ ಮುಖ ನೋಡಲಾರದೆ ಪಡಸಾಲೆಯ ಕಂಬ ನೋಡಿದರು.

"ಕಾಲುವಿ ಅಳತಿಗೆ ಅಂತ ಬಂದಿದ್ದ. ಹುಡುಗ ಭಾಳ ಛಲೋ ಅದಾನವ್ವಾ. ನಿಮ್ಮ ಮಾವ ಊರಾಗ ಇರಲಿಲ್ಲ... ಒಂದು ಕೆಲಸಾನಾದ್ರೂ ನನ್ನ ಮನಸಿಗೆ ಬಂದಂಗ ಮಾಡೋಣು ಅನಿಸ್ತು. ಕೊಟ್ಟುಬಿಟ್ಟೆ."

"ನನ್ನ ಮನಸು ಕೇಳಿದ್ಯಾ?"

ದೊರೆಗಳು ಎದ್ದು ಒಳಗೆ ನಡೆದರು.

ಮರುದಿನವೇ ವಿರೂಪಾಕ್ಷಪ್ಪ ಸಿರುಗುಪ್ಪದಿಂದ ಬಂದ. ಬಂದವನ ಮುಖದ ತುಂಬ ನಗು. ಸಿರುಗುಪ್ಪದ ರೈಸ್ ಮಿಲ್ಲಿನ ಗಾದಿಲಿಂಗಪ್ಪನವರ ಮಗನಿಗೆ ಸುವರ್ಣಳನ್ನು ಕೊಡುವುದಾಗಿ ಮಾತು ಮುಗಿಸಿಯೇ ಬಂದಿದ್ದ! ಬರುವ ಇಲೆಕ್ಷನ್ನಿಗೆ ನಿಲ್ಲಬೇಕೆಂಬ ಆಸೆ ಅವನಿಗೆ. ಆ ಸೀಮೆಯಲ್ಲಿ ಗಾದಿಲಿಂಗಪ್ಪನವರು ಬೆನ್ನಿಗೆ ನಿಂತರೆ ಅರ್ಧ ಗೆದ್ದಂತೆ.

ಇಂಜಿನಿಯರನ ವಿಷಯ ಕೇಳಿ ಅವನ ನಗು ಒಂದು ಗಳಿಗೆ ಮಾಸಿತು. ಅಷ್ಟೇ.

"ಅದನ್ನ ನಾ ನೋಡ್ಕೊಂತೀನಿ. ಭಾವಾರ, ನೀವು ಈ ತಾಟಿಗೆ ಕೈ ಹಚ್ಚರಿ ಸಾಕು," ಅಂದು ಇನ್ನೊಂದು ಬೆಳ್ಳಿ ತಾಟು ತರಿಸಿದ. ದೊರೆಗಳ ಬಲಗೈಯನ್ನು ತಾನೇ ಎತ್ತಿ ತಾಟಿನ ಮೇಲಿಟ್ಟ.

"ಆಗ್ಲಿ..." ಅಂದರು ದೊರೆಗಳು.

ಹೀಗೆ ಒಬ್ಬಳೇ ಮಗಳಿಗೆ ಎರಡು ವೀಳ್ಯ ಹೋಯಿತು! ಎರಡಕ್ಕೂ ಅವಳನ್ನು ಒಂದು ಮಾತು ಕೇಳಿದವರಿಲ್ಲ. ಹಿತ್ತಲಲ್ಲಿ ಕೂತು ಸುವರ್ಣ ಹಲ್ಲು ಕಚ್ಚಿ ಅತ್ತಳು. ಕೊಟ್ಟಿಗೆಯ ದನ ಕೊಡುವಾಗಲೂ ಇವರು ನಾಲ್ಕು ಸಲ ಯೋಚನೆ ಮಾಡ್ತಾರಲ್ಲ...

ಎರಡನೆಯದನ್ನು ಬಿಡಿಸುವ ದಾರಿ ಅವಳಿಗೆ ಹೊಳೆಯಲಿಲ್ಲ. ಮೊದಲನೆಯದನ್ನಾದರೂ ತಾನೇ ಇಸಿದುಕೊಳ್ಳುತ್ತೇನೆಂದು ಕಾಲುವೆಯ ಕೆಲಸ ನಡೆದಿದ್ದ ಕಡೆಗೆ ನಡೆದಳು.

ಪಂಪಾಪತಿ ಮುಕ್ಕಾಲಿಯ ಮೇಲೆ ಕೂರಿಸಿದ ದುರ್ಬೀನಿಗೆ ಕಣ್ಣಿಟ್ಟು ನಿಂತಿದ್ದ. ಅವಳು ವೀಳ್ಯದ ಅರ್ಥ ಹೇಳುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು.

"ದೇವ್ರಾಣಿ ನನಗ ಗೊತ್ತಿಲ್ರಿ! ಗೊತ್ತಿದ್ರ ಮುಟ್ಟತಾನೇ ಇರಲಿಲ್ಲ!"

ಯಾಕೋ ಈ ಮಾತಿಗೆ ಸುವರ್ಣಳಿಗೆ ಇನ್ನಷ್ಟು ಉರಿಯಿತು. ಬೇಡ ಅನ್ನಲು ತಾನು ಬಂದದ್ದು. ಅವನು ಮೊದಲೇ ಬೇಡ ಅಂದುಬಿಡುವುದೇ!

"ಅಂದ್ರ ದೊರೆಮನಿ ಹುಡುಗಿ ನಿಮಗ ಬ್ಯಾಡಾಗ್ಯಾಳ?"

"ಅಯ್ಯೋ, ಹಂಗಲ್ರಿ. ನಿಮ್ಮನ್ನ ಕೇಳದ ಮುಟ್ಟತಿರಲಿಲ್ಲ ಅಂದೆ. ಮದುವಿ ನಿಮ್ದು ಅಲ್ಲೇನು?"

ಹುಟ್ಟಿದಾಗಿನಿಂದ ಈ ಮಾತನ್ನು ಅವಳ ಮುಂದೆ ಯಾರೂ ಆಡಿರಲಿಲ್ಲ.

ತಾಟು ಬ್ರೂಸ್‌ಪೇಟೆಯ ಮನೆಯಲ್ಲಿತ್ತು. ಬರುವ ವಾರ ತಂದು ಅವಳ ಕೈಗೇ ಕೊಡುತ್ತೇನೆಂದ. ಆ ವಾರ ಮುಗಿಯುವುದರೊಳಗೆ ಸುವರ್ಣಳಿಗೆ ಕಾಲುವೆಯ ಕಡೆ ಹೋಗಲು ಏನೇನೋ ನೆಪ ಸಿಕ್ಕಿದವು! ಒಂದು ಸಲ ಅವನು ದುರ್ಬೀನಿನಲ್ಲಿ ನೋಡಲು ಕೊಟ್ಟ. ನೋಡಿದರೆ ಅವಳ ಮನೆ ತಲೆಕೆಳಗಾಗಿ ನಿಂತಿದೆ!

"ಇದೇನ್ರಿ, ನಮ್ಮ ಮನಿ ಉಲ್ಟಾ?"

"ಇದರಾಗ ಎಲ್ಲಾ ಉಲ್ಟಾನ ಕಾಣಸ್ತೈತ್ರಿ. ನಮಗ ರೂಢಿ ಆಗಿರತೈತಿ."

"ನಮ್ಮ ಮನಿ ದುರ್ಬೀನಿಲ್ದನೂ ಉಲ್ಟಾನ ಐತಿ," ಅಂದಳು ಸುವರ್ಣ. ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಅವಳು ಸಿರುಗುಪ್ಪದ ತಾಟಿನ ವಿಷಯವನ್ನೂ ಹೇಳಿಬಿಟ್ಟಳು. ಅವನ ನಗು ನಿಂತುಹೋಯಿತು.

"ನಿಮಗ ಒಪ್ಪಿಗಿ ಐತಾ?"

"ಇಲ್ಲ."

"ಮತ್ತ ಹಂಗಂತ ಹೇಳ್ರಿ. ನೀವು ಹೊಸ್ತಿಲದಾಗ ನಿಂತು ನನ್ನ ಬೈದ್ರಲ್ಲ, ಆ ದನಿಯಾಗ ಹೇಳ್ರಿ."

ಅಂದು ಮನೆಗೆ ಹೋಗುವಾಗ ಅವಳು ದಾರಿಯುದ್ದಕ್ಕೂ ಅವನ ಮಾತನ್ನೇ ನೆನೆದಳು. 'ಇದೇನಾಗ್ತಿದೆ ನನಗೆ? ತಾಟು ಅವನ ಬಳಿಯೇ ಇದ್ದರೆ ಏನಾಗುತ್ತೆ...' ಹೀಗೆಲ್ಲ ಅಂದುಕೊಂಡದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾದಳು. ಸಿಟ್ಟಿನಲ್ಲೂ ಮುಗುಳ್ನಕ್ಕಳು.

ಆದರೆ ವಿರೂಪಾಕ್ಷಪ್ಪನ ಕಣ್ಣು ತಪ್ಪಿಸಿ ಆ ಊರಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸದ್ದಿಲ್ಲದೆ ಬಳ್ಳಾರಿಗೆ ಹೋಗಿ ಅವನು ಪಂಪಾಪತಿಯ ಎದುರು ಕೂತ.

"ನಮ್ಮ ಸುವರ್ಣಾ ಸಿರುಗುಪ್ಪದ ಸಂಬಂಧ ಒಪ್ಪ್ಯಾಳಪ್ಪಾ. ಹೇಳಾಕ ನಾಚಿಗಿ ಅಂತ ನನ್ನ ಕಳಿಸ್ಯಾಳ. ತಾಟು ಕೊಟ್ಟುಬಿಡು."

ಅವಳೇ ಕೇಳಿ ಕಳಿಸಿದ ಮೇಲೆ ಏನು ಮಾಡುವುದು? ಪಂಪಾಪತಿ ಒಳಗೆ ಹೋಗಿ ತಾಟು ತಂದು ಕೊಟ್ಟ.

ಅದೇ ತಾಟನ್ನು ವಿರೂಪಾಕ್ಷಪ್ಪ ಸುವರ್ಣಳ ಮುಂದೆ ಠಣ್ಣೆಂದು ಇಟ್ಟ.

"ನೋಡವ್ವಾ ನಿನ್ನ ಇಂಜಿನಿಯರ್! ಹಾಳು ದೊರೆಮನಿ ಹುಡುಗಿ ತಗೊಂಡು ನಾ ಏನ್ ಮಾಡ್ಲಿ ಅಂತ ವಾಪಸ್ ಕೊಟ್ಟ."

ಸುವರ್ಣ ತಾಟನ್ನೇ ನೋಡುತ್ತ ನಿಂತಳು. 'ಅಷ್ಟು ನಕ್ಕಿದ್ದು, ಅಷ್ಟು ಮಾತಾಡಿದ್ದು... ಎಲ್ಲ ಸುಳ್ಳೇ?' ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಅವಳ ಹಟ ಬಿಡಲಿಲ್ಲ.

"ಕರೀರಿ ಮಾವಾ ಸಿರುಗುಪ್ಪದವರನ್ನ," ಅಂದಳು.

ಮುಂದಿನ ಸೋಮವಾರ ಬೆಳಿಗ್ಗೆಯೇ ಎರಡು ಕಾರುಗಳು ಬಂದು ನಿಂತವು. ಪಡಸಾಲೆಯ ತುಂಬ ಜನ. ದೊರೆಮನೆಯಿಂದ ಹೋಗಿದ್ದ ಬೆಳ್ಳಿ ತಾಟಿನಲ್ಲೇ ಸೀರೆ, ಕುಪ್ಪಸ, ಹಸಿರು ಬಳೆ ಇಟ್ಟುಕೊಂಡು ಗಾದಿಲಿಂಗಪ್ಪನವರು ಬಂದಿದ್ದರು. ಆ ಬಳೆ ತೊಟ್ಟರೆ ಮುಗಿಯಿತು. ಮದುವೆ ನಿಶ್ಚಯವಾದಂತೆ!

ಕೆಲಸದ ಜಂಬಮ್ಮ ಸುವರ್ಣಳನ್ನು ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದಳು. ಬಳೆಗಾತಿ ಯಂಕಮ್ಮ ಕೈ ನೀಡೆಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತಂತಾಯಿತು.

ಪಂಪಾಪತಿ!

"ಯಾರು ಬಿಟ್ಟರು ಇವನನ್ನ ಒಳಗ?" ವಿರೂಪಾಕ್ಷಪ್ಪ ಎದ್ದು ನಿಂತ.

ಪಂಪಾಪತಿ ಅವನತ್ತ ನೋಡಲೇ ಇಲ್ಲ. "ನೀವು ಕೇಳಿ ಕಳಿಸಿದ್ರಿ, ತಾಟು ಕೊಟ್ಟೆ," ಅಂದ ಸುವರ್ಣಳಿಗೆ. "ಆದ್ರ ಸಂಬಂಧ ಒಪ್ಪಿದ ಮಾತು ನಿಮ್ಮ ಬಾಯಿಂದ ಕೇಳ್ಲಿಲ್ಲ. ಅದೊಂದು ಕೇಳಿ ಹೋಗಾಕ ಬಂದೀನಿ."

"ನಾನಾ? ನಾ ಯಾವಾಗ ಕೇಳಿ ಕಳಿಸಿದೆ?"

"ನಿಮ್ಮ ಮಾವ ಬಂದಿದ್ರಲ್ರಿ..."

ಸುವರ್ಣಳ ಕೈ ಯಂಕಮ್ಮನ ಹಿಡಿತದಿಂದ ಜಾರಿತು. "ಹಾಳು ದೊರೆಮನಿ ಹುಡುಗಿ ಬ್ಯಾಡ ಅಂತ ನೀವು ಅಂದಿಲ್ಲಾ?"

"ನಾನಾ? ಅಂಥ ಮಾತು ನನ್ನ ಬಾಯಾಗ ಬರತೈತೇನ್ರಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ವಿರೂಪಾಕ್ಷಪ್ಪನನ್ನು ನೋಡಿದರು. ಬಾಯಿ ಬಿಟ್ಟು ಹೇಳುವುದು ಇನ್ನೇನೂ ಉಳಿದಿರಲಿಲ್ಲ.

"ಭಾವಾರ!" ವಿರೂಪಾಕ್ಷಪ್ಪ ಕೂಗಿದ. "ಇವನನ್ನ ಹೊರಗ ಹಾಕಸ್ತೀನಿ. ಹೂಂ ಅನ್ರಿ!"

"ಆಗ್..."

ಹಾಲಸಿದ್ದಪ್ಪನವರ ಮಾತು ಅರ್ಧಕ್ಕೇ ನಿಂತಿತು. ಮಣೆಯಿಂದ ಎದ್ದ ಮಗಳು ಎದುರಿಗೆ ಬಂದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಆದರೆ ಕುತ್ತಿಗೆ ನೆಟ್ಟಗಿತ್ತು.

"ಅಪ್ಪಾ, ನನ್ನ ಮದುವಿ ಮಾತು ಇವತ್ತು ನಾ ಆಡ್ತೀನಿ."

ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಒತ್ತಿಕೊಂಡರು. ದೊರೆಗಳು ಒಮ್ಮೆ ಭಾವಮೈದುನನ ಕಡೆ ನೋಡಿದರು, ಒಮ್ಮೆ ಮಗಳ ಕಡೆ.

"ಆಡವ್ವಾ," ಅಂದರು. "ಇಷ್ಟು ದಿನ ಯಾರ್ಯಾರ ಮಾತೋ ಕೇಳೀನಿ. ಇವತ್ತು ನನ್ನ ಮಗಳ ಮಾತು ಕೇಳ್ತೀನಿ."

ಸುವರ್ಣ ನೇರ ಗಾದಿಲಿಂಗಪ್ಪನವರ ಮುಂದೆ ಹೋಗಿ ಕೈ ಮುಗಿದಳು.

"ನೀವು ದೊಡ್ಡವರು. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ಕರೀರಿ ಅಂತ ನಾನೂ ಅಂದೀನಿ, ಸುಳ್ಳು ನಂಬಿ ಸಿಟ್ಟಿನಾಗ ಅಂದೆ. ಅದು ನನ್ನ ತಪ್ಪು. ಆದ್ರ ಈ ವೀಳ್ಯ ನನ್ನ ಕೇಳದ ಕೊಟ್ಟದ್ದು. ಇದನ್ನ ನಾ ವಾಪಸ್ ತಗೊಂತೀನಿ."

ಗಾದಿಲಿಂಗಪ್ಪನವರು ತಡಮಾಡದೆ ವಿರೂಪಾಕ್ಷಪ್ಪನತ್ತ ತಿರುಗಿದರು. "ಹುಡುಗಿ ಮೊದಲಿಂದನೂ ಒಪ್ಪ್ಯಾಳ ಅಂದಿದ್ದೆಲ್ಲೋ ದಿವಾನ? ಮನಸಿಲ್ಲದ ಹುಡುಗಿನ್ನ ಕರ್ಕೊಂಡು ಹೋಗುವಷ್ಟು ಕೆಟ್ಟಿಲ್ಲ ನಮ್ಮ ಮನಿ." ಸೀರೆ ಬಳೆ ತೆಗೆದು ಹೆಗಲ ಮೇಲಿನ ಶಲ್ಯದಲ್ಲಿ ಕಟ್ಟಿದರು. ಬರಿದಾದ ತಾಟನ್ನು ತಾವೇ ಅವಳ ಕೈಗಿಟ್ಟರು. "ನೀ ಹೇಳಿದ್ದು ಛಲೋ ಆತವ್ವಾ. ಇಂಥ ಮಾತು ಮದುವಿ ಆದ ಮ್ಯಾಲೆ ಗೊತ್ತಾಗಿದ್ರ ನನ್ನ ಮಗನೂ ಹಾಳಾಗತಿದ್ದ."

ಕಾರುಗಳು ಹೋದವು. ವಿರೂಪಾಕ್ಷಪ್ಪನ ಇಲೆಕ್ಷನ್ನೂ ಅದೇ ಧೂಳಿನಲ್ಲಿ ಹೋಯಿತು ಅನ್ನಿ!

"ದೊರೆಮನಿ ಮಾನ ಕಳದಿ!" ಅವನು ಹಲ್ಲು ಕಡಿದ. "ಕೊಟ್ಟ ವೀಳ್ಯ ವಾಪಸ್ ಬಂದದ್ದು ಈ ಮನ್ಯಾಗ ಎಂದಾದ್ರೂ ಐತೇನು? ಅದೂ ಎರಡು!"

"ಮನಿ ಮಾನ ತಾಟಿನಾಗಿಲ್ಲ ಮಾವಾ," ಅಂದಳು ಸುವರ್ಣ. "ಈ ಮನಿ ಮಾನ ನಾನು. ಇಲ್ಲೇ ನಿಂತೀನಿ. ಎಲ್ಲೂ ಹೋಗಿಲ್ಲ."

ಹಾಲಸಿದ್ದಪ್ಪನವರು ಎದ್ದರು. ಭಾವಮೈದುನನ ಮುಂದೆ ಅಂಗೈ ಚಾಚಿದರು. ಬೀಗದ ಕೈ ಕೇಳುವ ಅಂಗೈ ಅದು. ಬಹಳ ಹೊತ್ತು ಚಾಚಿಕೊಂಡೇ ನಿಂತರು. ಕೊನೆಗೆ ವಿರೂಪಾಕ್ಷಪ್ಪ ಸೊಂಟದ ಗೊಂಚಲು ಬಿಚ್ಚಿ ಅದರಲ್ಲಿಟ್ಟು ಹೊರನಡೆದ.

ಪಂಪಾಪತಿಯೂ ಹೊರಟಿದ್ದ. ಮೆಟ್ಟಿಲವರೆಗೆ ಹೋಗಿ, ಯಾಕೋ ಕಾಲು ಏಳದೆ ಅಲ್ಲೇ ನಿಂತಿದ್ದ. ಸುವರ್ಣ ಹೊರಗೆ ಬಂದಳು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು... ಬಿಸಿಲಿಗೇ ಅನ್ನೋಣ!

"ಕೇಳಾಕ ಬಂದದ್ದು ಕೇಳಿ ಆತಲ್ರಿ ಇಂಜಿನಿಯರ್ ಸಾಹೇಬ್ರ?"

"ಆತ್ರಿ... ಇನ್ನೊಂದು ಕೇಳೋದೈತಿ."

"ಅಪ್ಪನ್ನ ಕರೀಲಾ?"

"ಬ್ಯಾಡ್ರಿ. ನಿಮ್ಮನ್ನ ಕೇಳೋದು."

ಸುವರ್ಣ ಗತ್ತು ಬಿಡಲಿಲ್ಲ. "ಕೇಳ್ರಿ."

"ನನಗ ದೊರೆಮನಿ ಇಲ್ಲ, ದಿವಾನರಿಲ್ಲ. ಬ್ರೂಸ್‌ಪೇಟೆಯಾಗ ಎರಡು ಖೋಲಿ ಬಾಡಿಗಿ ಮನಿ. ಅವ್ವ, ಅಪ್ಪ, ನಾನು." "ಕಾಲುವಿ ಏರಿ ಮ್ಯಾಲೆ ನೀವು ನಕ್ಕಿದ್ದು ನೋಡಿದಾಗಿಂದ ನನಗ ಬ್ಯಾರೆ ಏನೂ ತೋಚವಲ್ದು. ನೀವಂದ್ರ ನನಗ ಜೀವ. ಬರ್ತೀರಾ ಸುವರ್ಣಾ?"

ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಅವಳ ಕೆನ್ನೆಗಿಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಬರ್ತೀನಿ. ಬಿ.ಎ. ಮುಗಿಸಿ ಬರ್ತೀನಿ."

"ಕಾಯ್ತೀನಿ."

"ಇನ್ನೂ ಒಂದು ಮಾತೈತಿ. ಸೊಸಿಯಾಗಿ ಬರ್ತೀನಿ ಖರೆ, ಆದ್ರ ತಲಿ ತಗ್ಗಿಸಿ ಬರಂಗಿಲ್ಲ."

ಪಂಪಾಪತಿ ಮೊದಲ ಸಲ ಅವಳ ಕೈ ಹಿಡಿದ.

"ತಗ್ಗಿಸಿ ಬಂದ್ರ ನನಗ ನಿಮ್ಮ ಗುರುತ ಸಿಗಂಗಿಲ್ರಿ."